ಕೂಗಿ ನೋಡಿ ಹೆಸರಿಡಿ

ಕನ್ನಡದಲ್ಲಿ ಎಂ.ಎ. ಮಾಡಿದವನಿಂದ ಲೋಕಕ್ಕೆ ಏನು ಪ್ರಯೋಜನವೆಂದು ನನ್ನ ಬಂಧುವರ್ಗದಲ್ಲಿ ಬಹುಕಾಲ ಚರ್ಚೆ ನಡೆದಿತ್ತು. ವೈದ್ಯನಾಗಿದ್ದರೆ ನಾಡಿ ಹಿಡಿದು ನೋಡುತ್ತಿದ್ದೆ; ವಕೀಲನಾಗಿದ್ದರೆ ಕಾಗದಪತ್ರ ನೋಡುತ್ತಿದ್ದೆ; ಎಂಜಿನಿಯರನಾಗಿದ್ದರೆ ಗೋಡೆಯ ಬಿರುಕನ್ನಾದರೂ ನೋಡಿ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳುವವನನ್ನು ಯಾವ ಆಪತ್ತಿಗೆ ಕರೆಯುವುದು? ಕೊನೆಗೆ ನಮ್ಮ ಕುಟುಂಬದಲ್ಲಿ ಒಂದರ ಹಿಂದೊಂದು ತೊಟ್ಟಿಲು ತೂಗತೊಡಗಿದಾಗ ಈ ಪ್ರಶ್ನೆ ತಾನಾಗಿಯೇ ಬಗೆಹರಿಯಿತು. ಹುಟ್ಟಿದ ಮಗುವಿಗೆ ಹೆಸರು ಹುಡುಕಿಕೊಡುವುದು ನನ್ನ ಪಾಲಿನ ಕಸುಬಾಯಿತು.

ಈ ಸಲದ ಕರೆ ನನ್ನ ತಂಗಿಯದು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು ಹೆಣ್ಣುಮಗುವಿನ ತಾಯಿಯಾಗಿ ಒಳಕೋಣೆಯಲ್ಲಿ ಕುಳಿತಿದ್ದಳು.

"ಅಣ್ಣಾ, ಹನ್ನೊಂದನೆಯ ದಿನಕ್ಕೆ ನಾಮಕರಣ. ಹೆಸರು ಚಿಕ್ಕದಾಗಿರಬೇಕು, ಹೊಸದಾಗಿರಬೇಕು, ಇದುವರೆಗೆ ಯಾರಿಗೂ ಇಟ್ಟಿರಬಾರದು, ಕೇಳಿದೊಡನೆ ಎಲ್ಲರಿಗೂ ಅರ್ಥವಾಗಬೇಕು," ಎಂದಳು.

"ಯಾರಿಗೂ ಇಟ್ಟಿರದ ಹೆಸರು ಎಲ್ಲರಿಗೂ ಅರ್ಥವಾಗುವುದು ಹೇಗಮ್ಮ?" ಎಂದೆ.

"ಅದಕ್ಕೇ ಅಲ್ಲವೇ ನಿನ್ನನ್ನು ಅಷ್ಟು ಓದಿಸಿದ್ದು?" ಎಂದು ಅಡಿಗೆಮನೆಯಿಂದ ಅಮ್ಮನ ಧ್ವನಿ ಬಂದಿತು. ನಾನು ಸುಮ್ಮನಾದೆ.

ಮೊದಲ ತೊಡಕು ನಕ್ಷತ್ರದಿಂದಲೇ ಒದಗಿತು. ಮಗು ಹುಟ್ಟಿದುದು ಆರ್ದ್ರಾ ನಕ್ಷತ್ರದ ಮೂರನೆಯ ಪಾದದಲ್ಲಿ. ಪಂಚಾಂಗದಲ್ಲಿ ಆ ನಕ್ಷತ್ರದ ನಾಲ್ಕು ಪಾದಗಳಿಗೆ ಕು, ಘ, ಙ, ಛ ಎಂದು ಅಕ್ಷರಗಳನ್ನು ಹಂಚಿದ್ದಾರೆ. ನಮ್ಮ ಪಾಲಿಗೆ ಬಂದುದು ‘ಙ’. ಕನ್ನಡನಾಡಿನ ಮಕ್ಕಳೆಲ್ಲ ಅದನ್ನು ತಿದ್ದಿ ತಿದ್ದಿ ಕಲಿಯುತ್ತಾರೆ. ಕಲಿತ ಮೇಲೆ ಆಯುಷ್ಯದಲ್ಲಿ ಮತ್ತೊಮ್ಮೆ ಬಳಸುವುದಿಲ್ಲ. ಆ ಅಕ್ಷರದಿಂದ ಆರಂಭವಾಗುವ ಒಂದು ಪದವೂ ನಮ್ಮ ಭಾಷೆಯಲ್ಲಿಲ್ಲ. ಜೋಯಿಸರು ದಯಾಳುಗಳು. "ಅದೇ ವರ್ಗದ ಬೇರೆ ಅಕ್ಷರವಾದರೂ ಬಾಧಕವಿಲ್ಲ. ವ್ಯವಹಾರಕ್ಕೆ ನಿಮಗೆ ಒಪ್ಪಿದ ಹೆಸರಿಟ್ಟುಕೊಳ್ಳಿ," ಎಂದು ನಮ್ಮನ್ನು ಪಾರುಮಾಡಿದರು.

ಎರಡನೆಯ ತೊಡಕು ನನ್ನ ಭಾವಮೈದುನನ ಮೊಬೈಲಿನಲ್ಲಿತ್ತು. ಅದರಲ್ಲಿ ಸಾವಿರಾರು ಹೆಸರುಗಳು, ಒಂದೊಂದರ ಮುಂದೆ ಅರ್ಥ. ಆತ ಆರಿಸಿದ್ದ ಮೊದಲನೆಯ ಹೆಸರು ‘ವಂದ್ಯಾ’. ವಂದನೆಗೆ ಯೋಗ್ಯಳಾದವಳು ಎಂದರ್ಥ, ಹೆಸರೇನೋ ಘನವಾದುದು. ಆದರೆ ದಕಾರಕ್ಕೆ ಮಹಾಪ್ರಾಣ ಬಂದರೆ ‘ವಂಧ್ಯಾ’. ಅದರ ಅರ್ಥ ಬಂಜೆ. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ನಮ್ಮ ನಾಲಗೆ ಎಷ್ಟು ಉದಾರವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಸಾಲದುದಕ್ಕೆ, ಇಂಗ್ಲಿಷಿನಲ್ಲಿ ಬರೆಯುವಾಗ ದಕಾರಕ್ಕೆ ‘ಡಿ’ ಒಂದೇ ಸಾಲದೆಂದು ಪಕ್ಕದಲ್ಲಿ ‘ಎಚ್’ ಸೇರಿಸುವುದು ನಮ್ಮ ಕಚೇರಿಗಳ ವಾಡಿಕೆ. ಜನನಪತ್ರದಲ್ಲಿ ಒಂದು ‘ಎಚ್’ ಕುಳಿತಿತೆಂದರೆ, ವಂದನೀಯಳಾದ ಹುಡುಗಿಗೆ ಜೀವಮಾನದ ಶಾಪ!

"ಗಂಡಾಗಿದ್ದರೆ ಇಡಬೇಕೆಂದು ಒಂದು ಹೆಸರಿಟ್ಟುಕೊಂಡಿದ್ದೆ," ಎಂದ ಆತ ನಿಟ್ಟುಸಿರಿಟ್ಟು. ಅದು ‘ಷಿತ್’ ಎಂದು ಮುಗಿಯುವಂಥದು. ಆತನಿಗೆ ಹೊರದೇಶಕ್ಕೆ ಹೋಗುವ ಯೋಗವಿದೆ. ಅಲ್ಲಿಯ ಶಾಲೆಯ ಮಕ್ಕಳ ಕಿವಿಗೆ ಆ ಕೊನೆಯ ಉಚ್ಚಾರ ಎಂತಹ ಅಸಹ್ಯ ಪದವಾಗಿ ಕೇಳಿಸುತ್ತದೆಂಬುದನ್ನು ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಬರೆಯುವುದು ಬೇಡ. ಇದರಲ್ಲಿ ತಪ್ಪು ನಮ್ಮದೂ ಸ್ವಲ್ಪ ಇದೆ. ರಕ್ಷಿತ, ಹರ್ಷಿತ ಎಂದು ಸ್ವರಾಂತವಾಗಿ, ಸೌಮ್ಯವಾಗಿ ಮುಗಿಯುತ್ತಿದ್ದ ಪದಗಳ ಬಾಲದ ಅಕಾರವನ್ನು ಉತ್ತರದವರನ್ನು ನೋಡಿ ನಾವೇ ಕತ್ತರಿಸಿದೆವು. ಕನ್ನಡದ ಜಾಯಮಾನದಂತೆ ಬಿಟ್ಟಿದ್ದರೆ ಪೆಟ್ಟು ಅಷ್ಟು ಜೋರಾಗಿ ಬೀಳುತ್ತಿರಲಿಲ್ಲ.

ಹೆಸರಿನ ಮುಂದೆ ನಿಲ್ಲುವ ಅಕ್ಷರಗಳ ಕಥೆ ಬೇರೆ. ಊರಿನದೊಂದು, ತಂದೆಯದೊಂದು ಅಕ್ಷರ ಸೇರಿಸಿ ಬರೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ‘ಎಂ. ಎ.’ ಎಂಬ ಅಕ್ಷರಗಳನ್ನು ಹೊತ್ತ ಹುಡುಗನೊಬ್ಬ ನನ್ನ ಪಿ.ಯು.ಸಿ. ತರಗತಿಯಲ್ಲಿದ್ದ. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾದ ಅವನನ್ನು ಗೆಳೆಯರು ‘ಸ್ನಾತಕೋತ್ತರ’ ಎಂದೇ ಕರೆಯುತ್ತಿದ್ದರು.

ನನ್ನಾಕೆ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಈ ವಿಷಯದಲ್ಲಿ ಆಕೆಯ ಅನುಭವ ನನ್ನ ಪಾಂಡಿತ್ಯಕ್ಕಿಂತ ಹಿರಿದು. ಮಕ್ಕಳು ಒಂದು ಹೆಸರನ್ನು ಕೆಡಿಸುವುದಕ್ಕೆ ಮೂರೇ ದಾರಿಗಳೆಂದು ಆಕೆಯ ಸಿದ್ಧಾಂತ. ಒಂದು, ತುಂಡರಿಸುವುದು: ಮೃಗಾಂಕನೆಂದರೆ ಚಂದ್ರ, ಎರಡನೆಯ ತರಗತಿಯಲ್ಲಿ ಅವನು ಬರಿಯ ‘ಮೃಗ’. ಎರಡು, ಅರ್ಥ ಹಚ್ಚುವುದು: ಗಜಾನನನೆಂಬ ಹುಡುಗ ತುಸು ದಪ್ಪಗಿದ್ದರೆ ಮುಗಿಯಿತು. ಮೂರು, ಪ್ರಾಸ: ರಂಗನಿಗೆ ‘ಮಂಗ’ ಎಂಬುದು ಎಂದಿನಿಂದಲೂ ಸಿದ್ಧವಾಗಿದೆ. ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ನಮ್ಮ ಆದಿಪ್ರಾಸದ ನಿಯಮವನ್ನು ನನ್ನ ಬಿ.ಎ. ವಿದ್ಯಾರ್ಥಿಗಳಿಗೆ ಕಲಿಸುವುದರೊಳಗೆ ಸಾಕುಸಾಕಾಗುತ್ತದೆ. ಏಳು ವರ್ಷದ ಪೋರರು ಅದನ್ನು ಕಲಿಯದೆಯೇ ಪಾಲಿಸುತ್ತಾರೆ.

"ಅದಕ್ಕೇ ಹೇಳುವುದು ರೀ, ಹೆಸರನ್ನು ಕಾಗದದ ಮೇಲೆ ನೋಡಿ ಇಡಬಾರದು. ಬೀದಿಬಾಗಿಲಲ್ಲಿ ನಿಂತು ಮೂರು ಸಲ ಗಟ್ಟಿಯಾಗಿ ಕೂಗಿ ನೋಡಬೇಕು. ಆಚೆಮನೆಯವರು ತಿರುಗಿ ನಕ್ಕರೆ ಆ ಹೆಸರು ಬೇಡ," ಎಂದಳು ಆಕೆ.

ಪತಂಜಲಿಯ ಮಹಾಭಾಷ್ಯದಲ್ಲಿ ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರಗಳದಾಗಿರಬೇಕೆಂದು ಹೇಳಿದೆ. ಹೆಣ್ಣುಮಕ್ಕಳ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಕರ್ಕಶವಾಗಿರಬಾರದು, ಅರ್ಥ ಸ್ಪಷ್ಟವಾಗಿರಬೇಕು ಎಂದು ಮನುಸ್ಮೃತಿ ಹೇಳುತ್ತದೆ. ಎಲ್ಲವೂ ಸರಿಯೇ. ಆದರೆ ಹಿಂದಿನ ಬೆಂಚಿನವರ ಅಭಿಪ್ರಾಯವನ್ನೂ ಕೇಳಬೇಕೆಂದು ಅವರಾರಿಗೂ ಹೊಳೆದಂತೆ ಕಾಣೆ.

ಇಷ್ಟು ಹೊತ್ತು ನಗುತ್ತ ಬರೆದೆ. ಆದರೆ ಈ ನಗುವಿನೊಳಗೆ ನನ್ನನ್ನು ಚುಚ್ಚುವ ಮುಳ್ಳೊಂದಿದೆ. ಅದನ್ನು ಹೇಳದೆ ಮುಗಿಸಿದರೆ ಓದುಗರಿಗೆ ಮೋಸಮಾಡಿದಂತೆ.

ಈ ವರ್ಷ ಕಾಲೇಜು ಆರಂಭವಾದ ದಿನ ಮೊದಲ ವರ್ಷದ ತರಗತಿಯಲ್ಲಿ ಹಾಜರಿ ಕರೆಯುತ್ತಿದ್ದೆ. ಚಿತ್ರದುರ್ಗದ ಕಡೆಯಿಂದ ಬಂದ ಹುಡುಗನೊಬ್ಬನ ಹೆಸರು ಬಂದಿತು. ‘ತಿಪ್ಪೆ’ ಎಂದು ಮೊದಲಾಗುವ ಹೆಸರು. ಉಳಿದುದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಜನ ನಕ್ಕುದೇ ಸಾಕು. ನಾನು ಹೆಸರನ್ನು ಓದಿದೊಡನೆ ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು ಎದ್ದು ಮುಂದಿನ ಸಾಲಿನವರೆಗೂ ಹರಿಯಿತು. ನಾನು ಗದರಲಿಲ್ಲ. ಗದರಲಿಲ್ಲ ಎಂದರೆ ಸಾಲದು. ನನ್ನ ತುಟಿಯೂ ಒಂದಿಷ್ಟು ಅರಳಿತ್ತು. ಅದನ್ನು ಮುಚ್ಚಿಕೊಳ್ಳಲು ಮುಂದಿನ ಹೆಸರಿಗೆ ಅವಸರವಾಗಿ ಹಾರಿದೆ. ಹುಡುಗ ಅದನ್ನು ಕಂಡ. ಮಾರನೆಯ ದಿನದಿಂದ ನಾನು ಅವನ ಹೆಸರಿನ ಮೊದಲಕ್ಷರವನ್ನು ಎತ್ತುವುದರೊಳಗೇ "ಎಸ್ ಸಾರ್" ಎಂದುಬಿಡುತ್ತಿದ್ದ. ಪೂರ್ತಿ ಹೆಸರು ನನ್ನ ಬಾಯಿಂದ ಬರಕೂಡದೆಂಬುದೇ ಅವನ ಆಸೆ. ನನಗೂ ಅದರಿಂದ ಅನುಕೂಲವೇ ಆಯಿತು.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಗೆ ಬಂದು ನಿಂತ. ಕೈಯಲ್ಲಿ ಹೆಸರು ಬದಲಾಯಿಸಿಕೊಳ್ಳುವ ಅಫಿಡವಿಟ್ಟಿನ ಮಾದರಿ. ನೋಟರಿಯ ಮುಂದೆ ಪ್ರಮಾಣ ಮಾಡಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ರಾಜ್ಯಪತ್ರದಲ್ಲಿ ಅಚ್ಚಾಗಬೇಕು ಎಂಬುದನ್ನೆಲ್ಲ ವಿಚಾರಿಸಿಕೊಂಡು ಬಂದಿದ್ದ.

"ಸಾರ್, ನೀವು ಕನ್ನಡ ಮೇಷ್ಟ್ರು. ನನಗೊಂದು ಹೆಸರು ಆರಿಸಿಕೊಡಿ. ‘ತಿ’ ಅಕ್ಷರದಿಂದಲೇ ಬಂದರೆ ಒಳ್ಳೆಯದು, ಸಹಿ ಬದಲಾಯಿಸಬೇಕಾಗಿಲ್ಲ."

"ಈ ಹೆಸರನ್ನು ಮನೆಯಲ್ಲಿ ಯಾಕೆ ಇಟ್ಟರಪ್ಪಾ?" ಎಂದು ಕೇಳಿದೆ.

ಅವನು ಕಾಗದವನ್ನೇ ನೋಡುತ್ತ ಹೇಳಿದ: "ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲವಂತೆ ಸಾರ್. ಅವ್ವ ಹಟ್ಟಿಗೆ ಹರಕೆ ಹೊತ್ತಿದ್ದಳಂತೆ."

ಹಟ್ಟಿ ಎಂದರೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ. ಊರೂರುಗಳಲ್ಲಿ ಕೆರೆಗಳನ್ನು ಕಟ್ಟಿಸಿದನೆಂದು ಜನ ಇಂದಿಗೂ ನೆನೆಯುವ ತಿಪ್ಪೇರುದ್ರಸ್ವಾಮಿಯ ಸ್ಥಳ. ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ಅಲ್ಲಿ ತೇರು ನಡೆಯುತ್ತದೆ. ಆ ಸೀಮೆಯಲ್ಲಿ ಮನೆಮನೆಗೂ ಒಬ್ಬ ತಿಪ್ಪಣ್ಣನೋ ತಿಪ್ಪಮ್ಮನೋ ಇರುತ್ತಾರೆ. ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಬಸ್ಸು ಹತ್ತಿ ನಮ್ಮ ಊರಿಗೆ ಬಂದಿಳಿದ ಮೇಲಷ್ಟೇ ಆ ಹೆಸರಿಗೆ ವಾಸನೆ ಬಂದುದು.

ಸ್ವಾಮಿಯ ಹೆಸರಿಗಿಂತಲೂ ಹಳೆಯದಾದ ಇನ್ನೊಂದು ನಂಬಿಕೆ ಇದರ ಹಿಂದಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮತ್ತೆ ಹುಟ್ಟಿದ ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರಿಂದ ಎತ್ತಿಸಿ, ಅವರಿಗೆ ಏನಾದರೂ ಕೊಟ್ಟು ‘ಕೊಂಡು’ ತರುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಇದು ನಮ್ಮ ಮಗುವಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು, ಬೆಲೆಯಿಲ್ಲದ್ದು, ನಿನಗೆ ಬೇಡ ಎಂದು ಸಾವಿಗೆ ಸುಳ್ಳು ಹೇಳುವ ಉಪಾಯ. ತಿಪ್ಪ, ಗುಂಡ, ಕಲ್ಲ, ತಿರುಕ, ಹುಚ್ಚ ಎಂಬ ಹೆಸರುಗಳಲ್ಲಿ ಎಷ್ಟೋ ಹೀಗೆ ಹುಟ್ಟಿದವು. ಲಸಿಕೆಯಿಲ್ಲದ, ವೈದ್ಯರಿಲ್ಲದ ಊರಿನಲ್ಲಿ ತಾಯಿಯ ಕೈಯಲ್ಲಿದ್ದುದು ಒಂದು ಹೆಸರು ಮಾತ್ರ. ಇದ್ದ ಆ ಒಂದನ್ನೇ ಆಕೆ ಮಗುವಿನ ಸುತ್ತ ಬೇಲಿಯಾಗಿ ಕಟ್ಟಿದಳು. ಕೇಳುವುದಕ್ಕೆ ತಿರಸ್ಕಾರ, ಒಳಗೆ ಇರುವುದು ಕಡುಪ್ರೀತಿ.

ನನಗೆ ಇನ್ನೂ ಒಂದು ನಾಚಿಕೆ ಕಾದಿತ್ತು. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ ಎಂಬ ಗ್ರಂಥಕ್ಕೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಾನು ಎಂ.ಎ. ಓದುವಾಗ ಅದನ್ನು ಅಡಿಗೆರೆ ಹಾಕಿ ಹಾಕಿ ಓದಿದವನು. ಅದರ ಕರ್ತೃ ಎಚ್. ತಿಪ್ಪೇರುದ್ರಸ್ವಾಮಿಯವರು. ಪರೀಕ್ಷೆಯಲ್ಲಿ ಆ ಹೆಸರನ್ನು ಎಷ್ಟು ಸಲ ಗೌರವದಿಂದ ಬರೆದಿದ್ದೇನೋ ಲೆಕ್ಕವಿಲ್ಲ. ಒಮ್ಮೆಯೂ ನಗು ಬಂದಿರಲಿಲ್ಲ. ಪುಸ್ತಕದ ಬೆನ್ನಿನ ಮೇಲೆ ಪೂಜ್ಯವಾದ ಹೆಸರು ಬೆಂಚಿನ ಮೇಲೆ ಕುಳಿತಾಗ ಹಾಸ್ಯಾಸ್ಪದವಾದರೆ ದೋಷ ಹೆಸರಿನದಲ್ಲ.

ನೋಡಿ, ‘ತಿಮ್ಮ’ ಎಂಬುದು ತಿರುಪತಿಯ ತಿಮ್ಮಪ್ಪನ ಹೆಸರು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ಪೂರ್ಣಗೊಳಿಸಿದವನು ತಿಮ್ಮಣ್ಣ ಕವಿ. ಆದರೂ ನಮ್ಮ ನಗೆಹನಿಗಳಲ್ಲಿ ತಿಮ್ಮನೆಂದರೆ ಪೆದ್ದ. ಡಿ.ವಿ. ಗುಂಡಪ್ಪನವರು, ಅವರ ಹೆಸರೂ ಉರುಟುಕಲ್ಲಿನದೇ, ತಮ್ಮ ಜೀವಮಾನದ ವಿವೇಕವನ್ನೆಲ್ಲ ಹೇಳಲು ಆರಿಸಿಕೊಂಡ ಹೆಸರು ‘ಮಂಕುತಿಮ್ಮ’. 1943ರಲ್ಲಿ ಕಗ್ಗ ಪ್ರಕಟವಾದ ಮೇಲೆ ಆ ಹೆಸರನ್ನು ಕೇಳಿ ಯಾರೂ ಮಂಕನನ್ನು ನೆನೆಯುವುದಿಲ್ಲ. ಮಕ್ಕಳಿಲ್ಲದ ನೋವಿನಲ್ಲಿ ಹುಲಿಕಲ್ಲಿಗೂ ಕುದೂರಿಗೂ ನಡುವೆ ಆಲದ ಸಸಿಗಳನ್ನು ನೆಟ್ಟು ನೀರೆರೆದ ಸಾಲುಮರದ ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂದಿತು. ಆ ಮರಗಳ ನೆರಳಲ್ಲಿ ನಿಂತು ‘ತಿಮ್ಮಕ್ಕ’ ಎಂಬ ಹೆಸರು ಹಳೆಯ ಕಾಲದ್ದೆಂದು ಮೂಗು ಮುರಿಯುವವರು ಯಾರು?

ಹಾಗೆಂದು ಹಿರಿಯರು ಇಟ್ಟ ಹೆಸರೆಲ್ಲ ಪವಿತ್ರವೆಂದು ವಾದಿಸಲಾರೆ. ಐತರೇಯ ಬ್ರಾಹ್ಮಣದಲ್ಲಿ ಅಜೀಗರ್ತನೆಂಬ ಬಡವನ ಕಥೆಯಿದೆ. ಅವನಿಗೆ ಮೂವರು ಮಕ್ಕಳು: ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೂರು ಹೆಸರಿಗೂ ನಾಯಿಯ ಬಾಲವೆಂದೇ ಅರ್ಥ ಹೇಳುತ್ತಾರೆ. ಹರಿಶ್ಚಂದ್ರನ ಯಜ್ಞಕ್ಕೆ ನರಪಶು ಬೇಕಾದಾಗ ತಂದೆ ಹಿರಿಯವನನ್ನು ಬಿಡಲಿಲ್ಲ, ತಾಯಿ ಕಿರಿಯವನನ್ನು ಬಿಡಲಿಲ್ಲ. ನಡುವಣ ಶುನಃಶೇಪ ನೂರು ಹಸುಗಳಿಗೆ ಮಾರಿಹೋದ. ಯೂಪಸ್ತಂಭದಿಂದ ಬಿಡುಗಡೆಯಾದ ಮೇಲೆ ಅವನು ಮತ್ತೆ ತಂದೆಯ ಬಳಿಗೆ ಹೋಗಲಿಲ್ಲ. ವಿಶ್ವಾಮಿತ್ರನು ಅವನನ್ನು ಮಗನೆಂದು ಸ್ವೀಕರಿಸಿದ. ಅಂದಿನಿಂದ ಅವನ ಹೆಸರು ದೇವರಾತ, ದೇವರು ಕೊಟ್ಟವನು. ಮಾರಿದವನು ಇಟ್ಟ ಹೆಸರನ್ನು ಹೊತ್ತುಕೊಂಡು ತಿರುಗಬೇಕೆಂದು ಆ ಪ್ರಾಚೀನರೂ ಹೇಳಲಿಲ್ಲ.

ಪುರಾಣದ ಮಾತೇಕೆ? ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಗಂಡನ್ನು ಬಯಸಿದ ಮನೆಗಳಲ್ಲಿ ಮತ್ತೆ ಹೆಣ್ಣು ಹುಟ್ಟಿದರೆ ‘ನಕುಶಾ’, ‘ನಕುಶಿ’ ಎಂದು ಹೆಸರಿಡುತ್ತಿದ್ದರು. ಬೇಡವಾದವಳು ಎಂದರ್ಥ. 2011ರ ಅಕ್ಟೋಬರಿನಲ್ಲಿ ಅಲ್ಲಿಯ ಜಿಲ್ಲಾಡಳಿತ ಸಮಾರಂಭವನ್ನೇ ನಡೆಸಿ, 250ಕ್ಕೂ ಹೆಚ್ಚು ಹುಡುಗಿಯರಿಗೆ ಅವರವರು ಮೆಚ್ಚಿದ ಹೊಸ ಹೆಸರುಗಳನ್ನು ಕೊಟ್ಟಿತು. ನಾವು ಮರಾಠಿಯವರನ್ನು ನೋಡಿ ತಲೆಯಾಡಿಸಬೇಕಾಗಿಲ್ಲ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕು’ ಎಂದು ನಮ್ಮ ಹಿರಿಯರು ಇಟ್ಟ ಸಾಕಮ್ಮ ಎಂಬ ಹೆಸರು ಎಷ್ಟು ಅಜ್ಜಿಯರ ಕೊರಳಿನಲ್ಲಿ ಇತ್ತೋ!

ತಿಪ್ಪೆಯ ಹೆಸರೂ ‘ಬೇಡ’ವೆಂಬ ಹೆಸರೂ ಕಿವಿಗೆ ಒಂದೇ ಬಗೆಯಾಗಿ ಕೇಳಿಸುತ್ತವೆ. ಒಂದರಲ್ಲಿ ತಾಯಿ ಮಗುವನ್ನು ಸೆರಗಿನಲ್ಲಿ ಬಚ್ಚಿಟ್ಟಿದ್ದಾಳೆ. ಇನ್ನೊಂದರಲ್ಲಿ ಹೊರಗೆ ನಿಲ್ಲಿಸಿದ್ದಾಳೆ. ನಗುವವನಿಗೆ ಈ ಭೇದ ತಿಳಿಯದು. ಹೆಸರು ಹೊತ್ತವನಿಗಾದರೂ ತಿಳಿದಿರಬೇಕು.

ಈ ಮಾತುಗಳಲ್ಲಿ ಬಹುಪಾಲನ್ನು ಆ ಮಧ್ಯಾಹ್ನ ಹುಡುಗನಿಗೆ ಹೇಳಿದೆ. ಒಳ್ಳೆಯ ಉಪನ್ಯಾಸವಾಯಿತೆಂದೇ ನನ್ನ ಭಾವನೆ. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ತಲೆಯೆತ್ತಿ, "ಇದನ್ನು ಹಿಂದಿನ ಬೆಂಚಿನವರಿಗೆ ಹೇಳಿ ಸಾರ್. ನನಗೆ ಇದೆಲ್ಲ ಗೊತ್ತೇ ಇತ್ತು," ಎಂದು ಕಾಗದವನ್ನು ಮಡಿಸಿಕೊಂಡು ಹೊರಟುಹೋದ.

ಇಂತಹ ಉತ್ತರಕ್ಕೆ ನಮ್ಮ ವಿಶ್ವವಿದ್ಯಾನಿಲಯದಲ್ಲಿ ಅಂಕವಿಲ್ಲ.

ಮರುದಿನ ಪಾಠ ಬಿಟ್ಟು ತರಗತಿಗೆ ಹೆಸರುಗಳ ವಿಷಯವನ್ನೇ ಹೇಳಿದೆ. ಯಾರ ಕಡೆಗೂ ಬೊಟ್ಟುಮಾಡಲಿಲ್ಲ. ಮೊದಲ ದಿನ ನಾನೂ ನಕ್ಕೆನೆಂಬುದನ್ನು ಮಾತ್ರ ಮುಚ್ಚಿಡಲಿಲ್ಲ. ಎಲ್ಲರೂ ಪರಿವರ್ತನೆಗೊಂಡರೆಂದು ಬರೆದರೆ ಅದು ಕಥೆಯಾದೀತು. ಇಬ್ಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆದರೆ ಕೊನೆಯ ಬೆಂಚಿನ ಪುಂಡನೊಬ್ಬ ಎದ್ದುನಿಂತು, "ಸಾರ್, ನಮ್ಮ ತಾತನ ಹೆಸರು ಕಲ್ಲಪ್ಪ. ಅವರಿಗೂ ಹಾಗೇ ಇಟ್ಟಿದ್ದಾ?" ಎಂದು ಕೇಳಿದ. ಈ ಸಲ ಯಾರೂ ನಗಲಿಲ್ಲ. "ಮನೆಗೆ ಹೋಗಿ ಕೇಳು," ಎಂದೆ.

ಅದರ ಮಾರನೆಯ ದಿನ ಹಾಜರಿ ಕರೆಯುವಾಗ ಆ ಹೆಸರಿಗೆ ಬಂದೆ. ಅವಸರಿಸಲಿಲ್ಲ, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದೆ. ಹುಡುಗ ನಾನು ಮುಗಿಸುವವರೆಗೂ ಕಾದು, ಅನಂತರ "ಎಸ್ ಸಾರ್" ಎಂದ. ಅಫಿಡವಿಟ್ಟು ಇನ್ನೂ ಅವನ ಬಳಿಯೇ ಇದೆ. ನಾಳೆ ಬದಲಾಯಿಸಿಕೊಂಡರೆ ಅದು ಅವನ ಹಕ್ಕು. ಸಾಕ್ಷಿ ಹಾಕೆಂದರೆ ಹಾಕುತ್ತೇನೆ. ನಮ್ಮ ನಗುವಿಗೆ ಹೆದರಿ ಬದಲಾಯಿಸಿಕೊಳ್ಳದಿದ್ದರೆ ಸಾಕು.

ತಂದೆತಾಯಿಯರಿಗೆ ಒಂದು ಸಣ್ಣ ಮಾತು. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ನಿಜ. ಆದರೆ ಹೆಸರನ್ನು ಆ ದಿನವೇ ಬರೆಸಬೇಕಾಗಿಲ್ಲ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲಾತಿ ಮೊದಲಾದ ಎಲ್ಲಕ್ಕೂ ಆ ಪತ್ರವೇ ಆಧಾರ. ಹಿಂದಿನಂತೆ ಶಾಲೆಯ ಮೇಷ್ಟ್ರು ತಮಗೆ ತೋಚಿದ ಹೆಸರು ಬರೆದು ಉಪಕಾರ ಮಾಡುವ ಕಾಲವಲ್ಲ. ಆದುದರಿಂದ ನಾಲ್ಕು ದಿನ ತಡವಾದರೂ ಕೂಗಿ ನೋಡಿ, ಬರೆದು ನೋಡಿ, ಆಮೇಲೆ ಇಡಿ. ಇಟ್ಟ ಮೇಲೆ ಅದರ ಹಿಂದೆ ನಿಲ್ಲಿ. ಹೆಸರು ಯಾಕೆ ಬಂದಿತೆಂಬುದನ್ನು ಮಗುವಿಗೆ ಹೇಳಿ. ಶಾಲೆಯಿಂದ ಅಳುತ್ತ ಬಂದ ದಿನ ಹೊರಲು ಅದಕ್ಕೊಂದು ಗುರಾಣಿಯಾದೀತು.

ನಮ್ಮ ಮಗುವಿನ ಸಂಗತಿ ಹೇಳುವುದು ಉಳಿಯಿತು. ಹತ್ತನೆಯ ದಿನದ ರಾತ್ರಿಯವರೆಗೆ ನಾನು ಕೊಟ್ಟ ಹದಿನೇಳು ಹೆಸರುಗಳೂ ತಿರಸ್ಕೃತವಾದುವು. ಕೊನೆಗೆ ತಂಗಿಯೇ, ಕೂಸಿಗೆ ಹಾಲೂಡಿಸಿ ಭುಜದ ಮೇಲೆ ಹಾಕಿಕೊಂಡು ತಟ್ಟುತ್ತ, "ಅಣ್ಣಾ, ಅಜ್ಜಿಯ ಹೆಸರಾದರೆ ಹೇಗೆ?" ಎಂದಳು. ನಮ್ಮ ಅಜ್ಜಿ, ಅಮ್ಮನ ತಾಯಿ, ಗೌರಮ್ಮ. ತಂಗಿ ಬೆಳೆದುದೇ ಆಕೆಯ ಮಡಿಲಲ್ಲಿ. ಅಮ್ಮ ಅಡಿಗೆಮನೆಯಿಂದ ಹೊರಗೆ ಬಂದು ಏನೂ ಹೇಳದೆ ಮಗುವನ್ನು ಎತ್ತಿಕೊಂಡಳು. ಹೊಸದಲ್ಲ, ಅಪರೂಪವೂ ಅಲ್ಲ. ಆದರೆ ಗಕಾರ ಙಕಾರದ ವರ್ಗದ್ದೇ ಆದುದರಿಂದ ಜೋಯಿಸರಿಗೂ ಸಂತೋಷವಾಯಿತು.

ನಾನು ಬೀದಿಬಾಗಿಲಿಗೆ ಹೋಗಿ "ಗೌರೀ!" ಎಂದು ಮೂರು ಸಲ ಕೂಗಿದೆ. ಆಚೆಮನೆಯವರು ಯಾರೂ ನಗಲಿಲ್ಲ, ಎದುರುಮನೆಯ ಹಿರಿಯಾಕೆಯೊಬ್ಬರು ಮಾತ್ರ "ಏನಪ್ಪಾ?" ಎಂದು ಓಗೊಟ್ಟರು.

"ಶಾಲೆಯಲ್ಲಿ ‘ಗೌರಿ, ಸಾರಿ’ ಎಂದು ಪ್ರಾಸ ಕಟ್ಟುತ್ತಾರೆ, ನೋಡುತ್ತಿರಿ," ಎಂದಳು ನನ್ನಾಕೆ.

"ಕಟ್ಟಲಿ ಬಿಡು," ಎಂದೆ. "ಕರೆದಾಗಲೆಲ್ಲ ಕ್ಷಮೆ ಕೇಳಿದಂತೆಯೂ ಆಗುತ್ತದೆ."